ಕಾಯಕ ಮಾಡಿಸಿಕೊಳ್ಳುವವರ ಧರ್ಮ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಇಂದಿನ ವಿಷಯವನ್ನು ‘ಶರಣರ ಕಾಯಕ ತತ್ವ ಮತ್ತು ಕಾರ್ಮಿಕ ಕಾನೂನು’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದಾರೆ. ಇದರ ಮೊದಲರ್ಧ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ವಚನ ಸಾಹಿತ್ಯದ ವಿದ್ವಾಂಸನಲ್ಲ, ಕಾರ್ಮಿಕ ಪ್ರಕರಣಗಳನ್ನು ನಡೆಸುವ ವಕೀಲ. ಕೆಲವು ಸಲ ಮಾಲೀಕರ ಪರವಾಗಿ, ಕೆಲವು ಸಲ ದುಡಿಯುವವರ ಪರವಾಗಿ ನಿಂತಿದ್ದೇನೆ. ಎರಡೂ ಕಡೆಯ ಕಾಗದ ಪತ್ರಗಳನ್ನು ಓದಿದವನಾಗಿ ಕೆಲವು ಮಾತು ಹೇಳುತ್ತೇನೆ. ಕೆಲವು ಕಹಿಯಾಗಿರಬಹುದು. ಮನೆಯವರೆದುರು ಹೇಳುತ್ತಿದ್ದೇನೆ ಎಂಬ ಧೈರ್ಯ ನನಗಿದೆ.

ಶರಣ ಬಂಧುಗಳೇ, ಕಾಯಕದ ಮಾತನ್ನು ನಾವು ವರ್ಷವಿಡೀ ಆಡುತ್ತೇವೆ. ಬಸವ ಜಯಂತಿಯಲ್ಲಿ ಆಡುತ್ತೇವೆ, ಶ್ರಾವಣದ ಪ್ರವಚನದಲ್ಲಿ ಆಡುತ್ತೇವೆ, ಶಾಲೆಯ ಗೋಡೆಯ ಮೇಲೆ ಬರೆಸುತ್ತೇವೆ, ಲಾರಿಯ ಹಿಂದೆಯೂ ಬರೆಸುತ್ತೇವೆ. ಆದರೆ ಆ ಮಾತನ್ನು ನಾವು ಹೇಳುವುದು ಯಾರಿಗೆ? ದುಡಿಯುವವನಿಗೆ. ನಿಷ್ಠೆಯಿಂದ ದುಡಿ, ಕಳ್ಳತನ ಮಾಡಬೇಡ, ಹೊತ್ತಿಗೆ ಸರಿಯಾಗಿ ಬಾ, ಫಲದ ಚಿಂತೆ ಬಿಡು ಎನ್ನುತ್ತೇವೆ. ದುಡಿಸಿಕೊಳ್ಳುವವನಿಗೆ ಕಾಯಕ ತತ್ವ ಏನು ಹೇಳುತ್ತದೆ ಎಂಬ ಉಪನ್ಯಾಸವನ್ನು ನಾನಂತೂ ಹೆಚ್ಚು ಕೇಳಿಲ್ಲ. ಈ ಸಭೆಯಲ್ಲಿ ಕುಳಿತವರನ್ನು ನೋಡಿದರೆ ಅಡತಿ ಅಂಗಡಿಯವರಿದ್ದೀರಿ, ಗಿರಣಿ ನಡೆಸುವವರಿದ್ದೀರಿ, ಗುತ್ತಿಗೆದಾರರಿದ್ದೀರಿ, ಆಳುಗಳನ್ನು ಇಟ್ಟುಕೊಂಡು ಒಕ್ಕಲುತನ ಮಾಡಿಸುವವರಿದ್ದೀರಿ, ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಯ ಸದಸ್ಯರಿದ್ದೀರಿ. ನಮ್ಮಲ್ಲಿ ಬಹಳ ಮಂದಿ ಇಂದು ಕಾಯಕ ಮಾಡುವವರೂ ಹೌದು, ಮಾಡಿಸಿಕೊಳ್ಳುವವರೂ ಹೌದು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ತಾಯಿಯ ಪ್ರಸಂಗವನ್ನು ತೆಗೆದುಕೊಳ್ಳೋಣ. ಮಾರಯ್ಯ ಶರಣರು ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಲ್ಲೇ ದಾಸೋಹ ನಡೆಸುತ್ತಿದ್ದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ತಾಯಿ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ನಮಗೆ ಸಲ್ಲದ್ದು ನಮಗೆ ಬೇಡ, ತಂದಲ್ಲಿಗೇ ಹಿಂದಿರುಗಿಸಿ ಬನ್ನಿ ಎಂದು ಕಳಿಸಿದರು. ಈ ಕಥೆಯನ್ನು ಹೇಳದ ಪ್ರವಚನಕಾರರಿಲ್ಲ. ಹೇಳಿದ ಮೇಲೆ ತೀರ್ಪು ಯಾವಾಗಲೂ ಒಂದೇ: ಬಡವ ಆಸೆ ಪಡಬಾರದು.

ನನಗೆ ಈ ಕಥೆ ಬೇರೆ ಥರ ಕಾಣುತ್ತದೆ. ಲಕ್ಕಮ್ಮನ ಕೈಯಲ್ಲಿ ಇದ್ದದ್ದು ಒಂದು ಅಳತೆ. ಯಾರಿಗೆ ಎಷ್ಟು ಸಲ್ಲಬೇಕು ಎಂಬ ಅಳತೆ. ತನ್ನ ಪಾಲಿಗಿಂತ ಒಂದು ಹಿಡಿ ಹೆಚ್ಚು ಬಂದರೂ ಅದು ದಾಸೋಹಕ್ಕೆ ಸಲ್ಲದು ಎಂದು ಆ ತಾಯಿ ತಿಳಿದಿದ್ದರು. ಅದೇ ಅಳತೆಯನ್ನು ಅಂಗಳದ ಆಚೆ ಬದಿಗೂ ಹಿಡಿದು ನೋಡಿ. ಆಯುವವನು ಒಂದು ಹಿಡಿ ಹೆಚ್ಚು ಒಯ್ದರೆ ದೋಷ. ಕೊಡಬೇಕಾದವನು ಒಂದು ಹಿಡಿ ಹಿಡಿದಿಟ್ಟುಕೊಂಡರೆ? ಹಿಡಿದಿಟ್ಟ ಆ ಅಕ್ಕಿಯಲ್ಲಿ ನೂರು ಜನಕ್ಕೆ ಪ್ರಸಾದ ಮಾಡಿಸಿದರೆ ಅದನ್ನು ದಾಸೋಹ ಎನ್ನಬಹುದೇ? ದಾಸೋಹಕ್ಕೆ ತನ್ನ ಸ್ವಂತ ದುಡಿಮೆಯ ಪದಾರ್ಥವೇ ಬೇಕು, ಪರರದ್ದು ಸಲ್ಲದು ಎಂಬುದು ಶರಣರು ಇಟ್ಟ ಮೂಲ ನಿಯಮ. ಇನ್ನೊಬ್ಬರ ಪಗಾರದಿಂದ ಉಳಿಸಿದ ದುಡ್ಡು ಪರರದ್ದೇ.

ಇಷ್ಟು ಮನಸ್ಸಿನಲ್ಲಿರಲಿ. ಈಗ ಕಾನೂನಿಗೆ ಬರುತ್ತೇನೆ.

‘ಬಿಟ್ಟಿ’ ಎಂಬ ಶಬ್ದ ನಮಗೆಲ್ಲ ಗೊತ್ತು. ಊರ ಗೌಡರ ಮನೆಗೆ, ಅಧಿಕಾರಿ ಬಂದಾಗ ಚಾವಡಿಗೆ, ಕೂಲಿಯಿಲ್ಲದೆ ಮಾಡಬೇಕಾಗಿದ್ದ ಕೆಲಸ. ಸಂವಿಧಾನದ 23ನೇ ವಿಧಿ ಅದನ್ನು ನಿಷೇಧಿಸಿತು. ಬಿಟ್ಟಿ ಎಂದರೆ ಪೂರ್ತಿ ಪುಕ್ಕಟೆ ಮಾಡಿಸಿಕೊಳ್ಳುವುದು ಮಾತ್ರ ಎಂದು ಬಹಳ ಕಾಲ ಎಲ್ಲರೂ ತಿಳಿದಿದ್ದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟುತ್ತಿದ್ದ ಕೂಲಿಯವರ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠ ಹೇಳಿದ್ದೇನೆಂದರೆ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ಮಾಡಿಸಿಕೊಂಡ ದುಡಿಮೆಯೂ 23ನೇ ವಿಧಿ ಹೇಳುವ ಬಲವಂತದ ದುಡಿಮೆಯೇ. ಕೂಲಿಯವನು ಒಪ್ಪಿ ಬಂದಿದ್ದಾನಲ್ಲ ಎಂದರೆ, ಹಸಿವೂ ಒಂದು ಬಲವಂತವೇ ಎಂಬುದು ಆ ತೀರ್ಪಿನ ತಿರುಳು. ‘ಅವನೇ ಒಪ್ಪಿಕೊಂಡ ಪಗಾರ ಸ್ವಾಮಿ, ನಾವೇನು ಕೈಹಿಡಿದು ಎಳೆದು ತಂದೆವೇ?’ ಎಂದು ಇಂದಿಗೂ ನನ್ನ ಕಕ್ಷಿದಾರರು ಕೇಳುತ್ತಾರೆ. ಅದಕ್ಕೆ ಉತ್ತರ ನಲವತ್ತು ವರ್ಷದ ಹಿಂದೆಯೇ ಸಿಕ್ಕಿದೆ.

ಮೊದಲು ಕನಿಷ್ಠ ವೇತನ ಸರ್ಕಾರದ ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಇತ್ತು. ಈಗ ವೇತನ ಸಂಹಿತೆಯಲ್ಲಿ ಆ ಪಟ್ಟಿಯ ಕಟ್ಟಿಲ್ಲ, ಎಲ್ಲ ನೌಕರರಿಗೂ ಕನಿಷ್ಠ ವೇತನದ ಹಕ್ಕಿದೆ. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಎಂಬ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಹಳೆಯ 29 ಕಾನೂನುಗಳು ಅವುಗಳೊಳಗೆ ಸೇರಿಹೋಗಿವೆ. ಈ ಸಂಹಿತೆಗಳ ಮೇಲೆ ಕಾರ್ಮಿಕ ಸಂಘಟನೆಗಳಿಗೆ ದೊಡ್ಡ ತಕರಾರುಗಳಿವೆ. ಮುಷ್ಕರದ ಹಕ್ಕು, ಕೆಲಸದಿಂದ ತೆಗೆಯುವ ವಿಷಯ, ಹೀಗೆ. ಅದೆಲ್ಲವನ್ನೂ ಇಂದು ಎತ್ತಿಕೊಂಡರೆ ಪ್ರಸಾದದ ಹೊತ್ತು ಮೀರುತ್ತದೆ. ನಮ್ಮ ಮನೆಗೆ ತಾಗುವಷ್ಟನ್ನು ಮಾತ್ರ ಹೇಳುತ್ತೇನೆ.

ನಮ್ಮ ಮನೆ ಎಂದರೆ ನಮ್ಮ ವಿದ್ಯಾಸಂಸ್ಥೆಗಳು, ಪ್ರಸಾದ ನಿಲಯಗಳು, ಆಸ್ಪತ್ರೆಗಳು. ಅಕ್ಷರ, ಅನ್ನ, ಆಶ್ರಯ ಕೊಟ್ಟು ನಮ್ಮ ಮಠಗಳು ಈ ನಾಡಿಗೆ ಮಾಡಿದ್ದನ್ನು ನಾನು ಹೇಳಬೇಕಾಗಿಲ್ಲ. ನಾನೂ ಪ್ರಸಾದ ನಿಲಯದ ಸಾರು ಉಂಡು ಓದಿದವನೇ. ಆ ಅನ್ನ ಬೇಯಿಸಿದವರ ಬಗ್ಗೆ ಈಗ ನಾಲ್ಕು ಮಾತು.

ಒಂದು ಊರು, ಒಂದು ವಿದ್ಯಾಸಂಸ್ಥೆಯ ವಸತಿ ನಿಲಯ. ಹೆಸರು ಬೇಡ. ಅಲ್ಲಿ ಒಬ್ಬ ತಾಯಿ 22 ವರ್ಷ ರೊಟ್ಟಿ ಬಡಿದಳು. ನಸುಕಿನ ನಾಲ್ಕಕ್ಕೆ ಒಲೆಯ ಮುಂದೆ ಕುಳಿತರೆ ಏಳುವುದು ಮಧ್ಯಾಹ್ನ, ಮತ್ತೆ ಸಂಜೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ತಿಂಗಳಿಗೊಮ್ಮೆ ಒಂದು ವೋಚರಿನ ಮೇಲೆ ಹೆಬ್ಬೆಟ್ಟು, ಕೀರ್ದಿಯಲ್ಲಿ ‘ಅಡುಗೆ ಖರ್ಚು’ ಎಂಬ ಸಾಲಿನ ಕೆಳಗೆ ಉಳ್ಳಾಗಡ್ಡಿ, ಎಣ್ಣೆಯ ಜೊತೆಗೆ ಅವಳ ಪಗಾರ. ಅದಕ್ಕೂ ಪಗಾರ ಎನ್ನುತ್ತಿರಲಿಲ್ಲ, ಗೌರವಧನ ಎನ್ನುತ್ತಿದ್ದರು. ಮೊಣಕಾಲು ಹೋಗಿ ಕೂರಲಾಗದಂತಾದಾಗ ಸಂಸ್ಥೆಯವರು ದೊಡ್ಡ ಸಮಾರಂಭ ಮಾಡಿ, ಶಾಲು ಹೊದಿಸಿ, ಹಣ್ಣು ಕೊಟ್ಟು, ಐದು ಸಾವಿರ ರೂಪಾಯಿಯ ಲಕೋಟೆ ಕೊಟ್ಟು ಕಳಿಸಿದರು. ಮಾತನಾಡಿದವರೆಲ್ಲ ಅವಳನ್ನು ಅನ್ನಪೂರ್ಣೆ ಎಂದರು. ಯಾರ ಮನಸ್ಸಿನಲ್ಲೂ ಮೋಸವಿರಲಿಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ. ಅವಳ ಮೇಲೆ ಅವರಿಗೆ ನಿಜವಾದ ಪ್ರೀತಿಯಿತ್ತು. ಲೆಕ್ಕ ಮಾತ್ರ ಯಾರೂ ಮಾಡಿರಲಿಲ್ಲ.

ಲೆಕ್ಕ ಹೀಗಿದೆ. ಗ್ರಾಚ್ಯುಟಿ ಎಂದರೆ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಪಗಾರ. ತಿಂಗಳಿಗೆ 26 ದಿನ ಎಂದು ಹಿಡಿದು ದಿನದ ಪಗಾರ ತೆಗೆಯಬೇಕು. ಅವಳ ಕೊನೆಯ ಪಗಾರ 13,000. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ಹದಿನೈದು ದಿನಕ್ಕೆ 7,500. ಇಪ್ಪತ್ತೆರಡು ವರ್ಷಕ್ಕೆ 1,65,000 ರೂಪಾಯಿ. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಅವಳ ಮಗ ಹೆಚ್ಚೂಕಡಿಮೆ ಅಷ್ಟನ್ನೇ ಬಡ್ಡಿಗೆ ತಂದಿದ್ದ.

ಅವಳ ಮಗ ನನ್ನ ಬಳಿ ಬಂದಾಗ ನಾನು ನೋಟಿಸು ಕಳಿಸುವ ಮೊದಲು ಸಂಸ್ಥೆಯ ಕಾರ್ಯದರ್ಶಿಗಳನ್ನು ಹೋಗಿ ಕಂಡೆ. ‘ಅವಳು ನೌಕರಳಲ್ಲ, ಸೇವೆ ಮಾಡುತ್ತಿದ್ದಳು’ ಎಂದರು. ‘ಸೇವೆ ಎಂದು ಯಾರು ಹೇಳಿದ್ದು, ಅವಳೋ ನೀವೋ?’ ಎಂದೆ. ಅವರು ಒಳ್ಳೆಯ ಮನುಷ್ಯ. ಸುಮ್ಮನೆ ಕುಳಿತರು. ಆಮೇಲೆ ಮಂಡಳಿಯ ಮುಂದಿಟ್ಟು ಹಣ ಕೊಡಿಸಿದರು. ಆ ಅಡುಗೆ ಮನೆಯಲ್ಲಿ ಇನ್ನೂ ಎಷ್ಟು ಜನ ಹಾಗೇ ಇದ್ದಾರೆ ಎಂದು ಅವರೇ ಕೇಳಿಕೊಂಡರು. ನೋಟಿಸಿನಿಂದ ಆ ಪ್ರಶ್ನೆ ಏಳುತ್ತಿರಲಿಲ್ಲ.

ಸೇವೆ ಯಾವುದು, ಕೆಲಸ ಯಾವುದು ಎಂಬ ಈ ಪ್ರಶ್ನೆಗೆ ನಮ್ಮ ನಾಡಿನಿಂದಲೇ ಹೋದ ಒಂದು ಪ್ರಕರಣದಲ್ಲಿ ಬಹಳ ಚೆನ್ನಾಗಿ ಉತ್ತರ ಸಿಕ್ಕಿದೆ. ಬೆಂಗಳೂರಿನ ನೀರು ಸರಬರಾಜು ಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ನಾವು ‘ಉದ್ಯಮ’ವೇ ಅಲ್ಲ, ಆ ನ್ಯಾಯಾಲಯಕ್ಕೆ ನಮ್ಮ ಮೇಲೆ ಅಧಿಕಾರವಿಲ್ಲ ಎಂದಿತು ಮಂಡಳಿ. ಈ ಸಣ್ಣ ಜಗಳ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠದವರೆಗೆ ಹೋಗಿ, 1978ರ ಫೆಬ್ರವರಿಯಲ್ಲಿ ತೀರ್ಪು ಬಂತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಲಾಭದ ಉದ್ದೇಶವಿಲ್ಲ, ಧರ್ಮಾರ್ಥ ನಡೆಸುತ್ತೇವೆ ಎಂದ ಮಾತ್ರಕ್ಕೆ ಸಂಸ್ಥೆ ಕಾನೂನಿನ ಹೊರಗೆ ನಿಲ್ಲದು ಎಂದು ಅವರು ಹೇಳಿದರು. ಕೆಲಸ ವ್ಯವಸ್ಥಿತವಾಗಿ ನಡೆಯಬೇಕು, ಕೊಡುವವ ಮತ್ತು ದುಡಿಯುವವರ ಸಹಕಾರದಿಂದ ನಡೆಯಬೇಕು, ಅದರಿಂದ ಜನರಿಗೆ ಬೇಕಾದ ವಸ್ತುವೋ ಸೇವೆಯೋ ಸಿಗಬೇಕು. ಶಾಲೆ, ಆಸ್ಪತ್ರೆ ಎಲ್ಲವೂ ಅದರೊಳಗೆ ಬಂದವು. ಶುದ್ಧ ಆಧ್ಯಾತ್ಮಿಕ ಕೆಲಸ ಬರುವುದಿಲ್ಲ. ಆದರೆ ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸುವುದು ಬರುತ್ತದೆ. ಪ್ರಸಾದ ಎಂಬ ಉದಾಹರಣೆಯನ್ನು ನಾನು ಹೆಣೆದಿಲ್ಲ, ತೀರ್ಪಿನಲ್ಲೇ ಇದೆ.

ಅದೇ ತೀರ್ಪು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ. ಆಶ್ರಮದಲ್ಲಿದ್ದುಕೊಂಡು ಗುರುವಿನ ಮಾತಿನಂತೆ ಸ್ವಇಚ್ಛೆಯಿಂದ ದುಡಿಯುವವರು, ಬಿಡುವಿನಲ್ಲಿ ಪುಕ್ಕಟೆ ಚಿಕಿತ್ಸೆ ಕೊಡುವ ವೈದ್ಯರು, ಇವರು ನೌಕರರಲ್ಲ. ಅಂಥವರಿಂದಲೇ ನಡೆಯುವ ಸಂಸ್ಥೆ ಉದ್ಯಮವಲ್ಲ. ಎಷ್ಟು ಸರಿಯಾದ ಗೆರೆ! ಮಠದಲ್ಲೇ ಇದ್ದು, ಮಠವನ್ನೇ ಮನೆ ಮಾಡಿಕೊಂಡ ಸಾಧಕನ ದುಡಿಮೆ ಸೇವೆ. ಬೆಳಿಗ್ಗೆ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದು, ಸಂಜೆ ಅಕ್ಕಿ ಕೊಂಡು ಹೋಗಬೇಕಾದವಳ ದುಡಿಮೆ ಕೆಲಸ. ಇಬ್ಬರೂ ಒಂದೇ ಒಲೆಯ ಮುಂದೆ ಕುಳಿತಿರಬಹುದು.

ಈ ತೀರ್ಪನ್ನು ಮರುಪರಿಶೀಲಿಸುವ ಪ್ರಶ್ನೆ 2017ರಲ್ಲಿ 9 ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಹೊಸ ಕೈಗಾರಿಕಾ ಸಂಬಂಧ ಸಂಹಿತೆ ‘ಉದ್ಯಮ’ ಎಂಬುದರ ಅರ್ಥವನ್ನೇ ಬದಲಾಯಿಸಿದೆ. ಪೂರ್ಣವಾಗಿ ಅಥವಾ ಬಹುಪಾಲು ಧರ್ಮಾರ್ಥ, ಸಾಮಾಜಿಕ, ಪರೋಪಕಾರಿ ಸೇವೆಯಲ್ಲಿ ತೊಡಗಿದ ಸಂಘಸಂಸ್ಥೆಗಳು ನಡೆಸುವ ಘಟಕಗಳನ್ನು ಅದು ಹೊರಗಿಟ್ಟಿದೆ. 1982ರಲ್ಲೇ ಇಂಥ ತಿದ್ದುಪಡಿ ಮಾಡಿದ್ದರು, ಆದರೆ ಅದನ್ನು ಜಾರಿಗೆ ತಂದಿರಲಿಲ್ಲ. ಈಗ ಬಂದಿದೆ. ಇದರರ್ಥ, ಅಂಥ ಸಂಸ್ಥೆಯ ಸಿಪಾಯಿಯನ್ನೋ ಅಡುಗೆಯವರನ್ನೋ ಒಂದು ದಿನ ‘ನಾಳೆಯಿಂದ ಬರಬೇಡ’ ಎಂದರೆ, ಕೈಗಾರಿಕಾ ವಿವಾದ ಎಂದು ಆ ಸಂಹಿತೆಯ ನ್ಯಾಯಮಂಡಳಿಯ ಬಾಗಿಲು ತಟ್ಟುವ ದಾರಿ ಅವರಿಗೆ ಮುಚ್ಚಿದಂತೆ. ಲಕ್ಷಗಟ್ಟಲೆ ಶುಲ್ಕ ಪಡೆಯುವ ಕಾಲೇಜು ಪರೋಪಕಾರಿಯೋ ಅಲ್ಲವೋ ಎಂದು ಇನ್ನು ಮೇಲೆ ವಾದ ನಡೆಯುತ್ತದೆ. ನಮ್ಮಂಥ ವಕೀಲರಿಗೆ ಸುಗ್ಗಿ.

ಇದನ್ನು ಓದಿದ ಒಂದು ಸಂಸ್ಥೆಯ ಪದಾಧಿಕಾರಿಯೊಬ್ಬರು ಫೋನಿನಲ್ಲಿ ‘ವಕೀಲರೇ, ಇನ್ನು ನಮಗೆ ತೊಂದರೆ ಇಲ್ಲವಲ್ಲ?’ ಎಂದು ಕೇಳಿದರು. ನನಗೆ ಆ ಪ್ರಶ್ನೆಯೇ ಸಂಕಟ ತಂದಿತು. ಕಾನೂನು ನಮ್ಮನ್ನು ಹೊರಗಿಟ್ಟದ್ದು ನಾವು ದಯೆಯಿಂದ ನಡೆದುಕೊಳ್ಳುತ್ತೇವೆ ಎಂದು ನಂಬಿ. ದಯೆಯ ಹೆಸರಿನಲ್ಲಿ ಸಿಕ್ಕ ರಿಯಾಯಿತಿಯನ್ನು ಕಾರಣ ಹೇಳದೆ ಕೆಲಸದಿಂದ ತೆಗೆಯುವುದಕ್ಕೆ ಬಳಸಿಕೊಂಡರೆ ನಾವು ಬಸವಣ್ಣನವರ ಹೆಸರು ಹೇಳುವುದಕ್ಕೆ ಅರ್ಥ ಉಳಿಯುವುದಿಲ್ಲ. ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯನಂಥ ನಿಷ್ಠುರಿಗೂ ಎದ್ದು ನಿಂತು ಮಾತಾಡುವ ಜಾಗವಿತ್ತು. ನಮ್ಮ ಸಂಸ್ಥೆಯ ಸಿಪಾಯಿಗೆ ಅಧ್ಯಕ್ಷರ ಮುಂದೆ ಕುಳಿತು ತನ್ನ ದೂರು ಹೇಳುವ ಜಾಗ ಇದೆಯೇ? ಕಾನೂನು ಕೇಳದಿದ್ದರೂ ಪ್ರತಿ ಸಂಸ್ಥೆಯಲ್ಲಿ ಒಂದು ದೂರು ಸಮಿತಿ ಇರಲಿ, ಅದರಲ್ಲಿ ಅರ್ಧ ಜನ ದುಡಿಯುವವರೇ ಇರಲಿ ಎಂದು ಪೂಜ್ಯರಲ್ಲಿ ನಾನು ಬಿನ್ನವಿಸಿಕೊಳ್ಳುತ್ತೇನೆ.

ಇನ್ನೊಂದು ಮಾತು. ಉದ್ಯಮದ ವ್ಯಾಖ್ಯೆಯಿಂದ ಹೊರಗಿದ್ದೇವೆ ಎಂದರೆ ಎಲ್ಲದರಿಂದ ಹೊರಗಿದ್ದೇವೆ ಎಂದಲ್ಲ. ವಿದ್ಯಾಸಂಸ್ಥೆಗಳಿಗೆ ಪಿಎಫ್ 1982ರಿಂದಲೂ ಇದೆ. ಗ್ರಾಚ್ಯುಟಿ 1997ರ ಏಪ್ರಿಲ್ 3ರಿಂದ ಇದೆ. ಶಿಕ್ಷಕರ ವಿಷಯದಲ್ಲಿ ಒಂದು ಗೊಂದಲವಿತ್ತು. ಕಾನೂನಿನಲ್ಲಿ ‘ನೌಕರ’ ಎಂಬ ಶಬ್ದದ ವಿವರಣೆಯೊಳಗೆ ಶಿಕ್ಷಕರು ಬರುವುದಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸಂಸತ್ತು 2009ರಲ್ಲಿ ವಿವರಣೆಯನ್ನೇ ತಿದ್ದಿ, 1997ರ ಆ ದಿನಾಂಕದಿಂದಲೇ ಶಿಕ್ಷಕರಿಗೂ ಹಕ್ಕು ಕೊಟ್ಟಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಂದಮೇಲೆ ಇನ್ನು ಈ ವಿಷಯದಲ್ಲಿ ವಾದವಿಲ್ಲ. ನಮ್ಮ ಅನುದಾನರಹಿತ ಶಾಲೆಗಳಲ್ಲಿ ಐದು ವರ್ಷಕ್ಕೂ ಮೇಲ್ಪಟ್ಟು ಕಲಿಸಿ ಹೋದ ಅಕ್ಕೋರು, ಮಾಸ್ತರು ಎಷ್ಟು ಜನ ಬರಿಗೈಯಲ್ಲಿ ಹೋಗಿದ್ದಾರೆ, ಮಂಡಳಿಯವರು ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿ.

ಐದು ವರ್ಷ ತುಂಬದಂತೆ ನೋಡಿಕೊಳ್ಳುವ ಜಾಣತನವೂ ನಮ್ಮಲ್ಲಿದೆ. ಜೂನ್‌ನಲ್ಲಿ ನೇಮಕ, ಏಪ್ರಿಲ್‌ನಲ್ಲಿ ಬಿಡುಗಡೆ, ಮತ್ತೆ ಜೂನ್‌ನಲ್ಲಿ ಹೊಸ ನೇಮಕ. ಇಂಥ ಕೃತಕ ತುಂಡುಗಳನ್ನು ನ್ಯಾಯಾಲಯಗಳು ಮೊದಲಿನಿಂದಲೂ ಅನುಮಾನದಿಂದಲೇ ನೋಡಿವೆ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅವಧಿ ನೇಮಕದವರಿಗೆ ಐದು ವರ್ಷದ ಷರತ್ತೇ ಇಲ್ಲ, ದುಡಿದ ಅವಧಿಯ ಪ್ರಮಾಣದಲ್ಲಿ ಕೊಡಬೇಕು. ಇನ್ನೊಂದು ಜಾಣತನ, ಮೂಲ ವೇತನ ಚಿಕ್ಕದಾಗಿ ಇಟ್ಟು ಉಳಿದದ್ದನ್ನು ಭತ್ಯೆ ಎಂದು ತೋರಿಸುವುದು. ಈಗ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ್ದನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಿಡಿಯಬೇಕು. ನಮ್ಮ ರಾಜ್ಯದಲ್ಲಿ 2024ರಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮಗಳೂ ಬಂದವು. ಒಮ್ಮೆಲೇ ದೊಡ್ಡ ಮೊತ್ತ ಹೊಂದಿಸುವುದು ಕಷ್ಟ ಎನ್ನುವ ಸಂಸ್ಥೆಗೆ ಇದು ಒಳ್ಳೆಯ ದಾರಿ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಂತು ಕಟ್ಟುತ್ತಾ ಬಂದರೆ ನಿವೃತ್ತಿಯ ದಿನ ಯಾರೂ ತಲೆಯ ಮೇಲೆ ಕೈ ಹೊತ್ತು ಕೂರಬೇಕಿಲ್ಲ.

ಪಿಎಫ್ ವಿಷಯ ಇದಕ್ಕಿಂತ ಗಂಭೀರ. ನೌಕರನ ವೇತನದಿಂದ ನೂರಕ್ಕೆ 12, ಸಂಸ್ಥೆಯಿಂದ ನೂರಕ್ಕೆ 12. ಸಂಸ್ಥೆಯ ಪಾಲಿನಲ್ಲಿ 8.33 ಪಿಂಚಣಿಗೆ ಹೋಗುತ್ತದೆ, ಹತ್ತು ವರ್ಷ ದುಡಿದವನಿಗೆ ಮುಂದೆ ಅದರಿಂದ ಪಿಂಚಣಿ. ನೌಕರನ ಪಾಲನ್ನು ಮುರಿದುಕೊಂಡು ಕಟ್ಟದೆ ಇಟ್ಟುಕೊಂಡರೆ ಅದು ಬರೀ ಬಾಕಿಯಲ್ಲ. ನಂಬಿಕೆದ್ರೋಹ ಎಂಬ ಕ್ರಿಮಿನಲ್ ಅಪರಾಧ. ನನಗೆ ಗೊತ್ತಿರುವ ಒಂದು ಸಂಸ್ಥೆ ಎರಡು ವರ್ಷ ಹೀಗೆ ಮುರಿದುಕೊಂಡ ಹಣವನ್ನು ಕಟ್ಟದೆ ಸಮುದಾಯ ಭವನದ ಕೆಲಸಕ್ಕೆ ಹಾಕಿತು. ಭವನ ಚೆನ್ನಾಗಿ ಆಗಿದೆ. ಶಿಲಾಫಲಕದಲ್ಲಿ ದಾನಿಗಳ ಹೆಸರುಗಳಿವೆ. ಯಾರ ಪಗಾರದಿಂದ ಅದರ ಗೋಡೆ ಎದ್ದಿತೋ ಆ ಸಿಪಾಯಿಗಳ, ಗುಮಾಸ್ತರ ಹೆಸರು ಅದರಲ್ಲಿಲ್ಲ. ನಾನು ಮೊದಲು ಹೇಳಿದ ಲಕ್ಕಮ್ಮ ತಾಯಿಯ ಅಳತೆಯನ್ನು ಆ ಭವನದ ಬಾಗಿಲಲ್ಲಿ ಇಟ್ಟು ನೋಡಿ.

‘ನಮ್ಮ ಹಿರಿಯರು ತ್ಯಾಗದಿಂದ ಸಂಸ್ಥೆ ಕಟ್ಟಿದರು, ಈಗಿನವರಿಗೆ ತ್ಯಾಗ ಬುದ್ಧಿಯಿಲ್ಲ’ ಎಂಬ ಮಾತನ್ನು ಬಹಳ ಕೇಳಿದ್ದೇನೆ. ಸತ್ಯ, ತ್ಯಾಗದಿಂದಲೇ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಗೆ ಅಡಿಗಲ್ಲಾದ ಏಳು ಜನ ತರುಣರನ್ನು ನಾವು ಸಪ್ತರ್ಷಿಗಳು ಎನ್ನುತ್ತೇವೆ, ಅವರು ತಮ್ಮ ಬಾಳನ್ನೇ ಕೊಟ್ಟರು. ವಿಜಯಪುರದ ಫ. ಗು. ಹಳಕಟ್ಟಿಯವರು ವಕೀಲರು. ವಚನಗಳನ್ನು ಅಚ್ಚು ಹಾಕಲು ತಮ್ಮ ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದರು. ಗಮನಿಸಿ, ಅವರು ಮಾರಿದ್ದು ತಮ್ಮ ಮನೆ. ಜೊತೆಗೆ ದುಡಿಯುವವನ ಮನೆಯಲ್ಲ. ತ್ಯಾಗವನ್ನು ತಾನು ಮಾಡಬಹುದು; ಬೇರೆಯವನ ಸಂಬಳದಲ್ಲಿ ತಾನು ತ್ಯಾಗ ಮಾಡಲು ಬರುವುದಿಲ್ಲ.

ಹೇಳಲೇಬೇಕಾದ ಇನ್ನೊಂದು ವಿಷಯವಿದೆ, ಹೇಳುವುದು ಕಷ್ಟ. ಪ್ರಸಾದ ನಿಲಯದ ಶೌಚಗುಂಡಿ ತುಂಬಿದಾಗ ನಾವು ಯಾರನ್ನು ಕರೆಯುತ್ತೇವೆ? ಯಾವ ಕೇರಿಗೆ ಹೇಳಿಕಳಿಸುತ್ತೇವೆ? ನಿಮಗೆ ಗೊತ್ತು, ನನಗೂ ಗೊತ್ತು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧವಾಗಿಸಿದೆ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಎಂದಿತ್ತು, 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿತು. ಸತ್ಯಕ್ಕನವರ ಕಾಯಕ ಕಸ ಗುಡಿಸುವುದಾಗಿತ್ತು, ಅವರನ್ನು ನಾವು ಶರಣೆ ಎಂದು ನಮಿಸುತ್ತೇವೆ. ಹೀರುವ ಯಂತ್ರದ ಗಾಡಿ ಇಂದು ತಾಲೂಕು ಊರುಗಳಲ್ಲೂ ಸಿಗುತ್ತದೆ. ಅದಕ್ಕೆ ಕೊಡುವ ಬಾಡಿಗೆ ಉಳಿಸಲು ಒಬ್ಬನನ್ನು ಇಳಿಸುವ ಮನೆಯಲ್ಲಿ ಇಷ್ಟಲಿಂಗ ಪೂಜೆ ಮಾಡಿ ಏನು ಫಲ?

ಅಂಗಡಿ, ಗಿರಣಿಗಳವರಿಗೂ ಒಂದೆರಡು ಮಾತು. ನಮ್ಮ ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ‘ಅಂಬೇಡ್ಕರ್ ಸಹಾಯ ಹಸ್ತ’ ಯೋಜನೆಯಲ್ಲಿ ಸ್ಮಾರ್ಟ್ ಕಾರ್ಡ್ ಪಡೆಯಬಹುದಾದವರ ಪಟ್ಟಿ ನೋಡಿ: ಹಮಾಲರು, ಮನೆಗೆಲಸದವರು, ಚಿಂದಿ ಆಯುವವರು, ದರ್ಜಿಗಳು, ಅಗಸರು, ಕ್ಷೌರಿಕರು, ಕುಂಬಾರರು, ಕಮ್ಮಾರರು, ಅಕ್ಕಸಾಲಿಗರು. ನನಗೆ ಅದನ್ನು ಓದುವಾಗ ಮಡಿವಾಳ ಮಾಚಿದೇವರು, ಕುಂಬಾರ ಗುಂಡಯ್ಯನವರು, ಸೂಜಿಕಾಯಕದ ರಾಮಿತಂದೆಯವರು ಸಾಲಾಗಿ ಕುಳಿತಂತೆ ಕಂಡಿತು. ಆ ಕಾರ್ಡಿಗೆ ಅರ್ಜಿ ಹಾಕಲು ಅವನು ಇಂಥ ಕೆಲಸದವನು ಎಂದು ಹೇಳುವ ಒಂದು ಕಾಗದ ಬೇಕಾಗುತ್ತದೆ. ನಿಮ್ಮ ದಲಾಲಿ ಅಂಗಡಿಯ ಹಮಾಲನಿಗೆ ಆ ಕಾಗದ ಬರೆದುಕೊಡಲು ನಿಮಗೆ ಒಂದು ರೂಪಾಯಿಯೂ ಖರ್ಚಿಲ್ಲ. ಅಪಘಾತವಾದ ದಿನ ಅವನ ಹೆಂಡತಿಗೆ ಅದೇ ಆಸರೆ. ಹಾಗೆಯೇ ಮನೆ, ಕಲ್ಯಾಣ ಮಂಟಪ ಕಟ್ಟಿಸುವವರು: ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ನೂರಕ್ಕೆ ಒಂದರಂತೆ ಸುಂಕ ಕಟ್ಟುತ್ತೀರಿ. ಆ ಹಣ ತಲುಪಬೇಕಾದದ್ದು ನಿಮ್ಮ ಗೋಡೆ ಎತ್ತಿದ ಗೌಂಡಿಗೇ. ಹಿಂದಿನ ವರ್ಷ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಆ 90 ದಿನಕ್ಕೆ ಸಾಕ್ಷಿ ಹಾಕಬೇಕಾದವರು ನೀವು. ಕೆಲಸವನ್ನೇ ಮಾಡದವರು ಕಾರ್ಡು ಮಾಡಿಸಿಕೊಳ್ಳುತ್ತಾರೆ ಎಂದು ಬೈಯುತ್ತೇವೆ, ಮಾಡಿದವನಿಗೆ ಸಹಿ ಹಾಕಲು ಮಾತ್ರ ಹಿಂಜರಿಯುತ್ತೇವೆ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ಗೊತ್ತು. ಬಡ ಮಕ್ಕಳಿಂದ ಕಡಿಮೆ ಶುಲ್ಕ ಪಡೆದು ಹಳ್ಳಿಯಲ್ಲಿ ಶಾಲೆ ನಡೆಸುತ್ತೇವೆ, ಅನುದಾನವಿಲ್ಲ, ಇದನ್ನೆಲ್ಲ ಎಲ್ಲಿಂದ ತರುವುದು? ಇದು ಸುಳ್ಳು ಪ್ರಶ್ನೆಯಲ್ಲ. ಅಂಥ ಶಾಲೆಗಳ ಲೆಕ್ಕ ನಾನು ನೋಡಿದ್ದೇನೆ, ವರ್ಷದ ಕೊನೆಗೆ ಏನೂ ಉಳಿಯುವುದಿಲ್ಲ. ಅದಕ್ಕೆ ನನ್ನ ಉತ್ತರ ಇಷ್ಟೇ: ಕೊರತೆಯನ್ನು ಮುಚ್ಚಿಡಬೇಡಿ. ಜಾತ್ರೆಯಲ್ಲಿ ದಾಸೋಹಕ್ಕೆ ಜೋಳ, ಬೆಲ್ಲ, ಬೇಳೆ ಎಂದು ಭಕ್ತರ ಮುಂದೆ ಸೆರಗೊಡ್ಡುತ್ತೇವೆ, ಗಾಡಿಗಟ್ಟಲೆ ಬರುತ್ತದೆ. ಅದೇ ಜಾತ್ರೆಯಲ್ಲಿ, ನಮ್ಮ ಶಾಲೆಯ ಮಾಸ್ತರರ ಪಿಎಫ್ ಬಾಕಿ ಇಷ್ಟಿದೆ, ಅಡುಗೆಯವರ ಗ್ರಾಚ್ಯುಟಿ ವಿಮೆಗೆ ವರ್ಷಕ್ಕೆ ಇಷ್ಟು ಬೇಕು ಎಂದು ಬರೆದು ಹಲಗೆ ಹಾಕಿ. ನಮ್ಮ ಭಕ್ತರು ಬೆಳ್ಳಿ ಮಂಟಪಕ್ಕೆ ಕೊಡುತ್ತಾರೆ, ಇದಕ್ಕೆ ಕೊಡುವುದಿಲ್ಲ ಎಂದು ಕೇಳುವ ಮೊದಲೇ ಏಕೆ ತೀರ್ಮಾನಿಸಬೇಕು? ಒಂದೇ ವರ್ಷದಲ್ಲಿ ಎಲ್ಲ ಆಗಬೇಕಿಲ್ಲ. ಮೊದಲು ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರು ಬರಲಿ, ಎಲ್ಲರ ಕೈಗೆ ನೇಮಕ ಪತ್ರ ಸಿಗಲಿ, ಪಗಾರ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಅವರ ಬ್ಯಾಂಕ್ ಖಾತೆಗೆ ಹೋಗಲಿ.

ದುಡಿಯುವ ಬಂಧುಗಳೂ ಇಲ್ಲಿ ಇದ್ದೀರಿ. ಹಿಂದಿನ ಸಾಲಿನಲ್ಲಿ, ಪ್ರಸಾದದ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿರುವ ತಾಯಂದಿರೂ ಇದ್ದೀರಿ. ನಿಮ್ಮ ಹಕ್ಕು ಕೇಳಿದರೆ ಗುರುದ್ರೋಹವಾಗುತ್ತದೆ ಎಂಬ ಅಂಜಿಕೆ ಬೇಡ. ಪಗಾರದ ಬಾಕಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಕೊಟ್ಟಿದ್ದೇವೆ ಎಂದು ಸಾಬೀತು ಮಾಡಬೇಕಾದ ಹೊಣೆ ಕೊಡುವವರ ಮೇಲಿದೆ, ನಿಮ್ಮ ಮೇಲಲ್ಲ. ಕೆಲಸ ಬಿಟ್ಟ ಮೇಲೆ ಗ್ರಾಚ್ಯುಟಿ 30 ದಿನದೊಳಗೆ ಬರಬೇಕು, ತಡವಾದರೆ ಬಡ್ಡಿ ಸಮೇತ. ದುಡಿಯುತ್ತಿದ್ದಾಗಲೇ ತೀರಿಕೊಂಡರೆ ಐದು ವರ್ಷ ತುಂಬಿರಬೇಕು ಎಂಬ ಷರತ್ತಿಲ್ಲ, ಹಣ ಮನೆಯವರಿಗೆ ಸೇರುತ್ತದೆ. ಆದ್ದರಿಂದ ನಾಮನಿರ್ದೇಶನ ಪತ್ರದಲ್ಲಿ ಯಾರ ಹೆಸರು ಬರೆಸಿದ್ದೀರಿ ಎಂದು ಒಮ್ಮೆ ನೋಡಿಕೊಳ್ಳಿ. ಮದುವೆಗೆ ಮೊದಲು ಬರೆಸಿದ್ದರೆ ಈಗ ಬದಲಾಯಿಸಿ. ಮೊದಲು ಸಂಸ್ಥೆಯವರನ್ನೇ ಕೇಳಿ, ಲಿಖಿತವಾಗಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. ಆಗದಿದ್ದರೆ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿ ಇದೆ.

ನೇಮಕ ಪತ್ರ ಮತ್ತು ನಾಮನಿರ್ದೇಶನದ ಕನ್ನಡ ನಮೂನೆಗಳನ್ನು ಅಚ್ಚು ಮಾಡಿಸಿ ತಂದಿದ್ದೇನೆ. ಪುಸ್ತಕ ಮಾರಾಟದ ಮೇಜಿನ ಮೇಲೆ ಇಟ್ಟಿದ್ದಾರೆ, ಬೇಕಾದವರು ಒಯ್ಯಿರಿ. ತುಂಬುವುದು ತಿಳಿಯದವರಿಗೆ ಪ್ರಸಾದ ಆದ ಮೇಲೆ ನಾನು ಇಲ್ಲೇ ಕುಳಿತು ತುಂಬಿಕೊಡುತ್ತೇನೆ.